ದೊಡ್ಡ ಗುಡಿಯೊಳಗೊಂದು ಪುಟ್ಟ ಗುಡಿ: ಸಂತ ಫ್ರಾನ್ಸಿಸರ ಹಾದಿಯ ಪುಣ್ಯಕ್ಷೇತ್ರಗಳು

ಇಟಲಿಯ ಅಸ್ಸಿಸಿ ಪಟ್ಟಣದ ಸಂತ ಫ್ರಾನ್ಸಿಸರು ತೀರಿಕೊಂಡದ್ದು 1226ರ ಅಕ್ಟೋಬರ್ 3ರ ಸಂಜೆ. 2026ಕ್ಕೆ ಅದಕ್ಕೆ ಎಂಟುನೂರು ವರ್ಷ ತುಂಬುತ್ತದೆ. ಈ ನಿಮಿತ್ತ ಅವರ ಅಸ್ಥಿಗಳನ್ನು 2026ರ ಫೆಬ್ರವರಿ 22ರಿಂದ ಮಾರ್ಚ್ 22ರವರೆಗೆ ಅಸ್ಸಿಸಿಯಲ್ಲಿ ಸಾರ್ವಜನಿಕ ದರ್ಶನಕ್ಕೆ ಇಡುವ ಏರ್ಪಾಡನ್ನು ಅಲ್ಲಿನ ಮಠ ಪ್ರಕಟಿಸಿತು. ಇಟಲಿಯ ಸಂಸತ್ತು ಅವರ ಹಬ್ಬದ ದಿನವಾದ ಅಕ್ಟೋಬರ್ 4ನ್ನು 1977ಕ್ಕೆ ಮೊದಲು ಇದ್ದಂತೆ ಮತ್ತೆ ರಾಷ್ಟ್ರೀಯ ರಜಾದಿನವನ್ನಾಗಿ ಮಾಡಿತು. (ಹೊಸ ಕಾನೂನಿನ ಮೊದಲ ರಜೆಯೇ ಭಾನುವಾರ ಬಿದ್ದಿದೆ ಎಂಬುದು ಬೇರೆ ಮಾತು.) ಇದಕ್ಕೂ ಮೊದಲು, 2013ರಲ್ಲಿ ಒಬ್ಬ ಪೋಪ್ ಮೊದಲ ಬಾರಿಗೆ ಫ್ರಾನ್ಸಿಸ್ ಎಂಬ ಹೆಸರನ್ನು ಆರಿಸಿಕೊಂಡಾಗಲೇ ಈ ಸಂತರ ಕುರಿತ ಕುತೂಹಲ ಜಗತ್ತಿನೆಲ್ಲೆಡೆ ಹೆಚ್ಚಿತ್ತು.

ಹೀಗೆ ಸುದ್ದಿಯಲ್ಲಿರುವ ಅಸ್ಸಿಸಿ, ಗ್ರೆಚ್ಚೊ, ಲಾ ವೆರ್ನಾ ಮುಂತಾದ ಹೆಸರುಗಳು ಒಂದೇ ಯಾತ್ರಾಮಾರ್ಗದ ಮೇಲಿನ ಊರುಗಳು. ಆ ಮಾರ್ಗ ಯಾವುದು, ಅದರ ಮೇಲಿನ ಒಂದೊಂದು ಜಾಗವೂ ಏಕೆ ಪವಿತ್ರವಾಯಿತು, ಅಲ್ಲಿ ಇಂದು ಕಣ್ಣಿಗೆ ಬೀಳುವ ಕಟ್ಟಡಗಳನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂಬುದನ್ನು ಬುಡದಿಂದ ನೋಡೋಣ.

ಬಟ್ಟೆ ವ್ಯಾಪಾರಿಯ ಮಗ

ಫ್ರಾನ್ಸಿಸರು ಹುಟ್ಟಿದ್ದು 1181 ಅಥವಾ 1182ರಲ್ಲಿ. ತಂದೆ ಪಿಯೆತ್ರೊ ದಿ ಬೆರ್ನಾರ್ದೊನೆ ಅನುಕೂಲಸ್ಥ ಬಟ್ಟೆ ವ್ಯಾಪಾರಿ. ಆ ಕಾಲದ ಇಟಲಿ ಇಂದಿನಂತೆ ಒಂದು ದೇಶವಾಗಿರಲಿಲ್ಲ. ಪ್ರತಿ ಬೆಟ್ಟದ ಮೇಲೊಂದು ಕೋಟೆ ಕಟ್ಟಿದ ಪಟ್ಟಣ, ಪಕ್ಕದ ಪಟ್ಟಣದೊಡನೆ ಅದಕ್ಕೆ ನಿತ್ಯ ಜಗಳ. ನೆರೆಯ ಪೆರೂಜಿಯಾದ ವಿರುದ್ಧ 1202ರಲ್ಲಿ ನಡೆದ ಕಾಳಗದಲ್ಲಿ ಸೆರೆಸಿಕ್ಕ ಯುವಕ ಫ್ರಾನ್ಸಿಸ್ ಸುಮಾರು ಒಂದು ವರ್ಷ ಬಂದಿಯಾಗಿದ್ದರು. ಹೊರಬಂದ ಮೇಲೆ ಅವರ ಮನಸ್ಸು ವ್ಯಾಪಾರದಲ್ಲೂ ನಿಲ್ಲಲಿಲ್ಲ, ಯುದ್ಧದಲ್ಲೂ ನಿಲ್ಲಲಿಲ್ಲ. ಕುಷ್ಠರೋಗಿಗಳ ಸೇವೆಗೆ ತೊಡಗಿದರು, ಪಾಳುಬಿದ್ದ ಚರ್ಚುಗಳನ್ನು ತಾವೇ ಕಲ್ಲು ಹೊತ್ತು ಕಟ್ಟಿದರು, ಕೊನೆಗೆ ತಂದೆಯ ಆಸ್ತಿಯನ್ನು ಬಿಷಪ್ಪರ ಎದುರು ತ್ಯಜಿಸಿ, ತೊಟ್ಟ ಬಟ್ಟೆಯನ್ನೂ ಕಳಚಿ ತಂದೆಯ ಕೈಗಿತ್ತು ಹೊರಟರು.

ಅವರನ್ನು ಅನುಸರಿಸಿ ಬಂದವರು ತಮ್ಮನ್ನು ‘ಕಿರಿಯ ಸಹೋದರರು’ ಎಂದು ಕರೆದುಕೊಂಡರು. ‘ಕಿರಿಯ’ ಎಂಬ ಮಾತನ್ನು ಇಲ್ಲಿ ವಯಸ್ಸಿನ ಅರ್ಥದಲ್ಲಿ ಓದಬಾರದು. ಸಮಾಜದಲ್ಲಿ ಎಲ್ಲರಿಗಿಂತ ಕೆಳಗಿನ ಸ್ಥಾನದಲ್ಲಿ ನಿಲ್ಲುವವರು ಎಂಬುದು ಅದರ ಭಾವ. ಅದುವರೆಗಿನ ಕ್ರೈಸ್ತ ಸನ್ಯಾಸಿಗಳು ದೊಡ್ಡ ಮಠಗಳಲ್ಲಿ, ಮಠದ ಹೊಲಗದ್ದೆಗಳ ಆದಾಯದಲ್ಲಿ ಬದುಕುತ್ತಿದ್ದರು. ಈ ಹೊಸಬರಿಗೆ ಮಠವೂ ಇರಲಿಲ್ಲ, ಹೊಲವೂ ಇರಲಿಲ್ಲ. ಜಂಗಮರಂತೆ ಊರೂರು ತಿರುಗಿ, ಜನರ ಆಡುಮಾತಿನಲ್ಲಿ ಬೋಧಿಸಿ, ದುಡಿದೋ ಬೇಡಿಯೋ ಉಂಡು, ಸಿಕ್ಕಿದ ಗುಹೆಯಲ್ಲಿ ಅಥವಾ ಗುಡಿಸಲಿನಲ್ಲಿ ಮಲಗುತ್ತಿದ್ದರು. ಯಾತ್ರಾಮಾರ್ಗದ ಕ್ಷೇತ್ರಗಳಲ್ಲಿ ಹೆಚ್ಚಿನವು ಅಂತಹ ಗುಹೆ–ಗುಡಿಸಲುಗಳೇ ಆಗಿರುವುದಕ್ಕೆ ಇದು ಕಾರಣ.

ಹಾದಿ ಹಳೆಯದೋ, ಹೊಸದೋ?

ಇಟಾಲಿಯನ್ನರು ‘ವೀಯಾ ದಿ ಫ್ರಾಂಚೆಸ್ಕೊ’, ಅಂದರೆ ಫ್ರಾನ್ಸಿಸರ ಹಾದಿ, ಎಂದು ಕರೆಯುವ ಈ ಮಾರ್ಗ ಟಸ್ಕನಿ ಪ್ರಾಂತದ ಲಾ ವೆರ್ನಾ ಬೆಟ್ಟದಿಂದ ಹೊರಟು, ಉಂಬ್ರಿಯಾ ಪ್ರಾಂತದ ಗುಬ್ಬಿಯೊ, ಅಸ್ಸಿಸಿ, ಸ್ಪೊಲೇತೊಗಳನ್ನು ಹಾದು, ಲಾತ್ಸಿಯೊ ಪ್ರಾಂತದ ರಿಯೇತಿ ಕಣಿವೆಗೆ ಇಳಿದು, ರೋಮ್ ನಗರದಲ್ಲಿ ಮುಗಿಯುತ್ತದೆ. ಒಟ್ಟು ದೂರ ಸುಮಾರು 500 ಕಿಲೋಮೀಟರ್. ರೋಮಿನಿಂದ ಹೊರಟು ಅಸ್ಸಿಸಿಗೆ ಬರುವವರೂ ಇದ್ದಾರೆ. ಎರಡೂ ದಿಕ್ಕಿನಿಂದ ನಡೆದು ಬಂದವರು ಕೂಡುವ ಜಾಗ ಅಸ್ಸಿಸಿ.

ಫ್ರಾನ್ಸಿಸರು ಒಂದು ದಿನ ಲಾ ವೆರ್ನಾದಲ್ಲಿ ಕೋಲು ಹಿಡಿದು ಹೊರಟು ಇದೇ ಕ್ರಮದಲ್ಲಿ ರೋಮಿಗೆ ನಡೆದರೆಂದು ಮಾತ್ರ ತಿಳಿಯಬಾರದು. ಅವರು ಇಪ್ಪತ್ತು ವರ್ಷಗಳ ಅವಧಿಯಲ್ಲಿ ಬೇರೆ ಬೇರೆ ಸಂದರ್ಭಗಳಲ್ಲಿ ತಂಗಿದ ಜಾಗಗಳು ಇವು. ಜಾಗಗಳು ಹಳೆಯವು, ಅವುಗಳಿಗೆ ಹೋಗಿಬರುವ ಪದ್ಧತಿಯೂ ಹಳೆಯದು. ಆದರೆ ಅವುಗಳನ್ನು ಹೂವಿನಂತೆ ಒಂದೇ ದಾರದಲ್ಲಿ ಪೋಣಿಸಿ, ಮರಕ್ಕೂ ಬಂಡೆಗೂ ಹಳದಿ–ನೀಲಿ ಗುರುತು ಬಳಿದು, ‘ಮಾರ್ಗ’ ಎಂದು ಹೆಸರಿಟ್ಟದ್ದು ನಮ್ಮ ಕಾಲದಲ್ಲಿ. ಆದ್ದರಿಂದ ಹಾದಿಯ ಮೇಲಿನ ಕ್ಷೇತ್ರಗಳು ಸಂತರ ಜೀವನದ ಕಾಲಾನುಕ್ರಮದಲ್ಲಿ ಬರುವುದಿಲ್ಲ. ಮೊದಲ ಮೆಟ್ಟಿಲಾದ ಲಾ ವೆರ್ನಾ ಅವರ ಜೀವನದ ಕೊನೆಗೆ ಸೇರಿದ ಜಾಗ. ಕಡೆಯ ನಿಲ್ದಾಣವಾದ ರೋಮಿಗೆ ಅವರು ತಮ್ಮ ಕೆಲಸದ ಆರಂಭದಲ್ಲೇ ಹೋಗಿದ್ದರು.

ಈ ಕ್ಷೇತ್ರಗಳನ್ನು ನೋಡುವುದಕ್ಕೆ ಒಂದು ಕೀಲಿಕೈ ಇದೆ. ನಮ್ಮ ಹಳೆಯ ದೇವಸ್ಥಾನಗಳಲ್ಲಿ ಪುಟ್ಟ ಗರ್ಭಗುಡಿ ಮೊದಲು ಇದ್ದು, ಮುಂದೆ ಬಂದ ಅರಸರು ನವರಂಗ, ಮುಖಮಂಟಪ, ಪ್ರಾಕಾರ, ಗೋಪುರಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋದಂತೆ, ಇಲ್ಲಿಯೂ ನಡುವೆ ಒಂದು ಗುಹೆ ಅಥವಾ ಗುಡಿಸಲು, ಅದರ ಪಕ್ಕದಲ್ಲಿ ಹದಿಮೂರನೆಯ ಶತಮಾನದ ಪುಟ್ಟ ಪ್ರಾರ್ಥನಾ ಮಂದಿರ, ಅದನ್ನು ಬಳಸಿಕೊಂಡು ಮುಂದಿನ ಶತಮಾನಗಳ ಮಠ, ಇವೆಲ್ಲಕ್ಕೂ ಹೊರಗೆ ದೊಡ್ಡ ಚರ್ಚು ಎಂಬಂತೆ ಪದರ ಪದರವಾಗಿ ಕಟ್ಟಡಗಳು ಬೆಳೆದಿವೆ. ಹೊರಗಿನ ಪದರದ ವೈಭವಕ್ಕೂ ಒಳಗಿನ ಪದರದ ಬಡತನಕ್ಕೂ ನಡುವಿನ ಅಂತರ ಕೆಲವೆಡೆ ಕಣ್ಣಿಗೆ ಕುಕ್ಕುವಷ್ಟಿದೆ. ಸ್ವಂತಕ್ಕೆ ಏನೂ ಇರಬಾರದೆಂದು ಬಾಳಿದವರ ನೆನಪಿಗೆ ಎಷ್ಟು ದೊಡ್ಡದನ್ನು ಕಟ್ಟಬಹುದು ಎಂಬ ಪ್ರಶ್ನೆ ಅವರು ಕಣ್ಮುಚ್ಚಿದ ಎರಡೇ ವರ್ಷಗಳಲ್ಲಿ ಅವರ ಶಿಷ್ಯರನ್ನೇ ಕಾಡತೊಡಗಿತ್ತು.

ಲಾ ವೆರ್ನಾ: ಬಿರುಕು ಬಿಟ್ಟ ಬೆಟ್ಟ

ಟೈಬರ್ ಮತ್ತು ಆರ್ನೊ ನದಿಗಳ ನಡುವೆ, ಅರೆತ್ಸೊ ಜಿಲ್ಲೆಯಲ್ಲಿ, ದಟ್ಟ ಕಾಡಿನ ನಡುವೆ ಎದ್ದು ನಿಂತ ಬಂಡೆಯ ಬೆಟ್ಟ ಲಾ ವೆರ್ನಾ. ಕ್ಷೇತ್ರ ಇರುವುದು ಸಮುದ್ರಮಟ್ಟದಿಂದ ಸುಮಾರು 1,100 ಮೀಟರ್ ಎತ್ತರದಲ್ಲಿ. ಓರ್ಲಾಂದೊ ಎಂಬ ಸ್ಥಳೀಯ ಪಾಳೆಯಗಾರ 1213ರ ಮೇ ತಿಂಗಳಿನಲ್ಲಿ ಫ್ರಾನ್ಸಿಸರ ಬೋಧನೆ ಕೇಳಿ ಮನಸೋತು, ‘ನನ್ನಲ್ಲೊಂದು ಬೆಟ್ಟವಿದೆ, ಏಕಾಂತ ಬೇಕಾದವರಿಗೆ ಯೋಗ್ಯವಾದುದು’ ಎಂದು ಅದನ್ನು ಬಿಟ್ಟುಕೊಟ್ಟ. ಆಸ್ತಿ ಬೇಡವೆಂದವರಿಗೆ ಬೆಟ್ಟವನ್ನೇ ದಾನ ಕೊಡುವುದು ಹೇಗೆ? ಕಾಗದಪತ್ರವಿಲ್ಲದೆ ಬಾಯಿಮಾತಿನಲ್ಲಿ ಕೊಟ್ಟ. ಸಹೋದರರು ಒಡೆಯರಾಗಿ ಅಲ್ಲ, ಬಳಸುವವರಾಗಿ ಅಲ್ಲಿ ನಿಂತರು. ಅವನ ಮಕ್ಕಳು ಅದನ್ನು ಬರಹಕ್ಕೆ ಇಳಿಸಿದ್ದು 1274ರಲ್ಲಿ.

ಈ ಬೆಟ್ಟ ಪ್ರಸಿದ್ಧವಾದದ್ದು 1224ರ ಸೆಪ್ಟೆಂಬರಿನಲ್ಲಿ. ನಲವತ್ತು ದಿನಗಳ ಉಪವಾಸ ಹಿಡಿದು ಇಲ್ಲಿ ಧ್ಯಾನದಲ್ಲಿದ್ದ ಫ್ರಾನ್ಸಿಸರ ಕೈ, ಕಾಲು ಮತ್ತು ಪಕ್ಕೆಯಲ್ಲಿ ಗಾಯಗಳು ಮೂಡಿದವೆಂದು ಅವರ ಜೀವನವನ್ನು ಬರೆದ ಹಳೆಯ ಲೇಖಕರು ಹೇಳುತ್ತಾರೆ. ಶಿಲುಬೆಗೇರಿದ ಯೇಸುವಿನ ಮೈಮೇಲಿದ್ದ ಗಾಯಗಳಿಗೆ ಸರಿಹೊಂದುವ ಇವುಗಳನ್ನು ಕನ್ನಡದ ಕ್ರೈಸ್ತರು ‘ಪಂಚಗಾಯ’ ಎನ್ನುತ್ತಾರೆ. ಇಂತಹ ಗಾಯಗಳು ಮೂಡಿದವೆಂದು ದಾಖಲಾದವರಲ್ಲಿ ಹೆಸರಾದ ಮೊದಲಿಗರು ಫ್ರಾನ್ಸಿಸರು. ಆಗ ಜೊತೆಗಿದ್ದ ಸಹೋದರ ಲಿಯೊ ಅವರಿಗೆ ಫ್ರಾನ್ಸಿಸರು ಒಂದು ಚರ್ಮದ ಹಾಳೆಯ ಒಂದು ಬದಿಗೆ ದೇವರ ಸ್ತುತಿಯನ್ನು, ಇನ್ನೊಂದು ಬದಿಗೆ ಆಶೀರ್ವಾದವನ್ನು ತಮ್ಮ ಕೈಯಾರೆ ಬರೆದುಕೊಟ್ಟರು. ಆ ಹಾಳೆ ಇಂದಿಗೂ ಅಸ್ಸಿಸಿಯ ಸಂತ ಫ್ರಾನ್ಸಿಸರ ಬೆಸಿಲಿಕಾದಲ್ಲಿದೆ. (ಬೆಸಿಲಿಕಾ ಎಂದರೆ ಪೋಪರು ವಿಶೇಷ ಮಾನ್ಯತೆ ಕೊಟ್ಟ ಚರ್ಚು.)

ಗಾಯ ಮೂಡಿದ ಜಾಗದ ಮೇಲೆ 1263ರಲ್ಲಿ ಒಂದು ಪ್ರಾರ್ಥನಾ ಮಂದಿರ ಕಟ್ಟಿದರು. ದೊಡ್ಡ ಚರ್ಚಿನಿಂದ ಅಲ್ಲಿಗೆ ಒಂದು ಉದ್ದನೆಯ ಮೊಗಸಾಲೆ ಇದೆ. ಪ್ರತಿದಿನ ಮಧ್ಯಾಹ್ನ 3 ಗಂಟೆಗೆ ಮಠದ ಸಹೋದರರು ಹಾಡುತ್ತಾ ಅದರ ಮೂಲಕ ಮೆರವಣಿಗೆ ಹೋಗುತ್ತಾರೆ. ಮೊಗಸಾಲೆಯ ನಡುವಿನ ಒಂದು ಬಾಗಿಲು ತೆರೆದರೆ ಫ್ರಾನ್ಸಿಸರು ಮಲಗುತ್ತಿದ್ದ ತೇವದ ಗುಹೆ. ಇನ್ನೂ ಕೆಳಗಿಳಿದರೆ ‘ಸಾಸ್ಸೊ ಸ್ಪಿಕ್ಕೊ’ ಎಂಬ, ಈಗಲೋ ಆಗಲೋ ಬೀಳುವಂತೆ ಚಾಚಿಕೊಂಡ ಭಾರಿ ಬಂಡೆ. ಮೇಲಿನ ಚರ್ಚುಗಳಲ್ಲಿ ಹದಿನೈದನೆಯ ಶತಮಾನದ ಫ್ಲಾರೆನ್ಸಿನ ಶಿಲ್ಪಿ ಆಂದ್ರೆಯಾ ದೆಲ್ಲಾ ರೊಬ್ಬಿಯಾ ಮಾಡಿದ ಸುಟ್ಟ ಮಣ್ಣಿನ ಉಬ್ಬುಶಿಲ್ಪಗಳಿವೆ. ನೀಲಿ ಹಿನ್ನೆಲೆಯ ಮೇಲೆ ಬಿಳಿಯ ಆಕೃತಿಗಳು, ಮೇಲೆ ಗಾಜಿನಂತಹ ಲೇಪ. ಬೆಟ್ಟದ ಚಳಿ ಮತ್ತು ಥಂಡಿಯಲ್ಲಿ ಗೋಡೆಯ ಮೇಲಿನ ಬಣ್ಣ ಉದುರುತ್ತದೆ, ಸುಟ್ಟು ಲೇಪ ಹಚ್ಚಿದ ಮಣ್ಣು ಉಳಿಯುತ್ತದೆ. ಐನೂರು ವರ್ಷಗಳ ಮೇಲೂ ಇವು ನಿನ್ನೆ ಮಾಡಿದಂತೆ ಹೊಳೆಯುತ್ತಿವೆ.

ಗುಬ್ಬಿಯೊ: ತೋಳದೊಡನೆ ಒಪ್ಪಂದ

ಲಾ ವೆರ್ನಾದಿಂದ ಇಳಿದ ಹಾದಿ ಸಾನ್‌ಸೆಪೋಲ್ಕ್ರೊ, ಚಿತ್ತಾ ದಿ ಕಾಸ್ತೆಲ್ಲೊ, ಪಿಯೆತ್ರಾಲುಂಗಾಗಳ ಮೂಲಕ ಗುಬ್ಬಿಯೊ ಸೇರುತ್ತದೆ. ನಡುವೆ ಸಾನ್‌ಸೆಪೋಲ್ಕ್ರೊದ ಮೇಲಿನ ಗುಡ್ಡದಲ್ಲಿ ಮೊಂತೆಕಸಾಲೆ ಎಂಬ ಆಶ್ರಮವಿದೆ. ಕಳ್ಳರನ್ನು ಬೈದು ಅಟ್ಟಿದ ಸಹೋದರನಿಗೆ, ರೊಟ್ಟಿ ಮತ್ತು ದ್ರಾಕ್ಷಾರಸ ಹಿಡಿದು ಅವರನ್ನು ಹುಡುಕಿಕೊಂಡು ಹೋಗಿ ಕ್ಷಮೆ ಕೇಳುವಂತೆ ಫ್ರಾನ್ಸಿಸರು ಹೇಳಿದ ಕಥೆ ಈ ಜಾಗಕ್ಕೆ ಸೇರಿದ್ದು.

ತಂದೆಯ ಮನೆ ಬಿಟ್ಟು ಬರಿಮೈಯಲ್ಲಿ ಹೊರಟ ಫ್ರಾನ್ಸಿಸರಿಗೆ ಗುಬ್ಬಿಯೊದ ಸ್ಪಾದಲೊಂಗಾ ಮನೆತನದ ಗೆಳೆಯರು ಉಡಲು ಬಟ್ಟೆ ಕೊಟ್ಟರು. ಆ ಮನೆ ಇದ್ದ ಜಾಗದಲ್ಲಿ ಈಗ ಸಂತ ಫ್ರಾನ್ಸಿಸರ ಚರ್ಚು ನಿಂತಿದೆ. ಊರಿನ ಹೆಸರು ಮಾತ್ರ ಜಗತ್ತಿಗೆ ತಿಳಿದಿರುವುದು ತೋಳದ ಕಥೆಯಿಂದ. ದನಗಳನ್ನೂ ಮನುಷ್ಯರನ್ನೂ ತಿನ್ನುತ್ತಿದ್ದ ತೋಳದ ಬಳಿಗೆ ಫ್ರಾನ್ಸಿಸರು ಬರಿಗೈಯಲ್ಲಿ ಹೋದರು, ‘ಸಹೋದರ ತೋಳವೇ’ ಎಂದು ಕರೆದರು, ಊರಿನವರು ದಿನವೂ ಅದಕ್ಕೆ ಊಟ ಹಾಕಬೇಕು, ಅದು ಯಾರ ತಂಟೆಗೂ ಹೋಗಬಾರದು ಎಂದು ಇಬ್ಬರ ನಡುವೆ ರಾಜಿ ಮಾಡಿಸಿದರು. ತೋಳ ಪಂಜ ಎತ್ತಿ ಅವರ ಕೈಯಲ್ಲಿಟ್ಟು ಮಾತು ಕೊಟ್ಟಿತಂತೆ. ಫ್ರಾನ್ಸಿಸರು ತೀರಿಕೊಂಡು ಒಂದು ಶತಮಾನಕ್ಕೂ ಹೆಚ್ಚು ಕಾಲವಾದ ಮೇಲೆ ಸಂಗ್ರಹವಾದ ಕಥೆ ಇದು, ಇತಿಹಾಸವೆಂದು ಓದಬೇಕಾಗಿಲ್ಲ. ಕಥೆಯಲ್ಲಿ ಗಮನಿಸಬೇಕಾದ್ದು, ತೋಳ ಕಚ್ಚುತ್ತಿದ್ದುದು ಹಸಿವಿನಿಂದ ಎಂಬ ಮಾತನ್ನು ಆ ಕಥೆ ಮುಚ್ಚಿಡದೆ ಹೇಳಿಬಿಡುತ್ತದೆ ಎಂಬುದು.

ಅಸ್ಸಿಸಿ: ನಾಲ್ಕು ಗೋಡೆಯ ಸುತ್ತ ಒಂದು ನಗರ

ಸುಬಾಸಿಯೊ ಬೆಟ್ಟದ ಮಗ್ಗುಲಲ್ಲಿ ಗುಲಾಬಿ ಛಾಯೆಯ ಕಲ್ಲಿನಿಂದ ಕಟ್ಟಿದ ಅಸ್ಸಿಸಿ ಈ ಹಾದಿಯ ಹೃದಯ. ಇಲ್ಲಿನ ಕ್ಷೇತ್ರಗಳನ್ನು ಊರಿನ ಹೊರಗಿನಿಂದ ನೋಡುತ್ತಾ ಬಂದರೆ ಕಥೆ ಸರಿಯಾದ ಕ್ರಮದಲ್ಲಿ ಬಿಡಿಸಿಕೊಳ್ಳುತ್ತದೆ.

ಊರ ಬಾಗಿಲಿನಿಂದ ಆಲಿವ್ ತೋಪುಗಳ ನಡುವೆ ಇಳಿದರೆ ಸಾನ್ ದಮಿಯಾನೊ. ಈ ಪಾಳು ಚರ್ಚಿನಲ್ಲಿ ಶಿಲುಬೆಯ ಎದುರು ಪ್ರಾರ್ಥಿಸುತ್ತಿದ್ದಾಗ, ‘ನನ್ನ ಮನೆ ಬೀಳುತ್ತಿದೆ, ಹೋಗಿ ಸರಿಪಡಿಸು’ ಎಂಬ ದನಿ ಕೇಳಿತೆಂದೂ, ಫ್ರಾನ್ಸಿಸರು ಅದನ್ನು ಅಕ್ಷರಶಃ ತಿಳಿದು ಗಾರೆ ಕೆಲಸಕ್ಕೆ ನಿಂತರೆಂದೂ ಪ್ರತೀತಿ. ಮರದ ಮೇಲೆ ಬಣ್ಣದಲ್ಲಿ ಬರೆದ ಹನ್ನೆರಡನೆಯ ಶತಮಾನದ ಆ ಶಿಲುಬೆ ಈಗ ಊರೊಳಗಿನ ಸಂತ ಕ್ಲಾರಾ ಬೆಸಿಲಿಕಾದಲ್ಲಿದೆ. ಸಾನ್ ದಮಿಯಾನೊದಲ್ಲಿ ಕಾಣುವುದು ಅದರ ಪ್ರತಿ. ಅಸ್ಸಿಸಿಯ ಸಿರಿವಂತ ಮನೆತನದ ಕ್ಲಾರಾ 1212ರ ಹೊತ್ತಿಗೆ ರಾತ್ರೋರಾತ್ರಿ ಮನೆ ಬಿಟ್ಟು ಬಂದು ಫ್ರಾನ್ಸಿಸರಿಂದ ದೀಕ್ಷೆ ಪಡೆದು, ಮುಂದೆ ನಲವತ್ತಕ್ಕೂ ಹೆಚ್ಚು ವರ್ಷ ಸಾನ್ ದಮಿಯಾನೊದಲ್ಲೇ ಇದ್ದರು. ತಮ್ಮ ಸಹೋದರಿಯರೂ ಆಸ್ತಿಯಿಲ್ಲದೆ ಬದುಕಬೇಕೆಂಬ ನಿಯಮಕ್ಕೆ ಪೋಪರ ಒಪ್ಪಿಗೆ ಪಡೆಯಲು ಅವರು ಪಟ್ಟು ಹಿಡಿದರು. ಒಪ್ಪಿಗೆ ಬಂದದ್ದು 1253ರ ಆಗಸ್ಟ್ 9ರಂದು, ಅವರು ಕಣ್ಮುಚ್ಚಿದ್ದು 11ರಂದು.

1225ರಲ್ಲಿ ಕಣ್ಣಿನ ಬೇನೆಯಿಂದ ದೃಷ್ಟಿ ಬಹುಮಟ್ಟಿಗೆ ಕಳೆದುಕೊಂಡು, ಬೆಳಕನ್ನೇ ತಾಳಲಾರದ ಸ್ಥಿತಿಯಲ್ಲಿ ಫ್ರಾನ್ಸಿಸರು ಸಾನ್ ದಮಿಯಾನೊದ ಪಕ್ಕದ ಗುಡಿಸಲಿನಲ್ಲಿ ಮಲಗಿದ್ದರು. ಸೂರ್ಯನನ್ನು ಅಣ್ಣನೆಂದೂ ಚಂದ್ರನನ್ನು ಅಕ್ಕನೆಂದೂ ಕರೆಯುವ ಸೃಷ್ಟಿಗೀತೆಯನ್ನು ಅವರು ಕಟ್ಟಿದ್ದು ಆ ಕತ್ತಲೆಯಲ್ಲಿ. ಅದು ಲ್ಯಾಟಿನ್ ಭಾಷೆಯಲ್ಲಿಲ್ಲ, ಉಂಬ್ರಿಯಾದ ಜನರ ಮಾತಿನಲ್ಲಿದೆ; ಇಟಾಲಿಯನ್ ಸಾಹಿತ್ಯದ ಅತಿ ಹಳೆಯ ರಚನೆಗಳಲ್ಲಿ ಒಂದೆಂದು ಅದನ್ನು ಎಣಿಸುತ್ತಾರೆ. ಪಂಡಿತರ ಭಾಷೆಯನ್ನು ಬದಿಗಿಟ್ಟು ಬೀದಿಯ ಭಾಷೆಯಲ್ಲಿ ದೇವರೊಡನೆ ಮಾತನಾಡಿದ ವಚನಕಾರರನ್ನು ಬಲ್ಲ ನಮಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿಂದ ಬಯಲಿಗೆ ಇಳಿದರೆ ಪೊರ್ತ್ಸಿಯುಂಕೊಲಾ. ಇಟಾಲಿಯನ್ ಹೆಸರಿನ ಅರ್ಥ ‘ಪುಟ್ಟ ತುಂಡು ನೆಲ’. ಸುಮಾರು 7 ಮೀಟರ್ ಉದ್ದ, 4 ಮೀಟರ್ ಅಗಲ, ಅಂದರೆ ಒಂದು ಸಾಧಾರಣ ಮನೆಯ ನಡುಮನೆಯಷ್ಟು ದೊಡ್ಡ ಕಲ್ಲಿನ ಪ್ರಾರ್ಥನಾ ಮಂದಿರ. ಇದು ಬೆನೆಡಿಕ್ಟೈನ್ ಸನ್ಯಾಸಿಗಳಿಗೆ ಸೇರಿತ್ತು. ಅವರು ಉಚಿತವಾಗಿ ಬಿಟ್ಟುಕೊಡುತ್ತೇವೆಂದರೂ, ಇದು ತಮ್ಮದಲ್ಲ ಎಂಬುದು ನೆನಪಿರಲೆಂದು ವರ್ಷಕ್ಕೊಂದು ಬುಟ್ಟಿ ಮೀನನ್ನು ಫ್ರಾನ್ಸಿಸರು ಗೇಣಿಯಾಗಿ ಕಳುಹಿಸುತ್ತಿದ್ದರು. ಬೆನೆಡಿಕ್ಟೈನರು ಪ್ರತಿಯಾಗಿ ಒಂದು ಜಾಡಿ ಎಣ್ಣೆ ಕೊಡುತ್ತಿದ್ದರು. ಸಹೋದರರ ಸಂಘ ಬೆಳೆದದ್ದು, ಕ್ಲಾರಾ ದೀಕ್ಷೆ ಪಡೆದದ್ದು, ಫ್ರಾನ್ಸಿಸರು ಬರಿನೆಲದ ಮೇಲೆ ಮಲಗಿ ಪ್ರಾಣಬಿಟ್ಟದ್ದು ಎಲ್ಲವೂ ಇಲ್ಲಿಯೇ.

ಆಗಸ್ಟ್ 2ರಂದು ಇಲ್ಲಿ ‘ಅಸ್ಸಿಸಿಯ ಕ್ಷಮಾಪಣೆ’ ಎಂಬ ಹಬ್ಬ. ಕಥೋಲಿಕ ಬೋಧನೆಯ ಪ್ರಕಾರ ಪಾಪನಿವೇದನೆಯಿಂದ ಪಾಪಕ್ಕೆ ಕ್ಷಮೆ ದೊರೆಯುತ್ತದೆ, ಆದರೆ ಅದರ ಪರಿಣಾಮವಾಗಿ ಭರಿಸಬೇಕಾದ ದಂಡ ಉಳಿಯುತ್ತದೆ. ಪಕ್ಕದ ಮನೆಯ ಕಿಟಕಿ ಒಡೆದ ಹುಡುಗನನ್ನು ಮನೆಯವರು ಕ್ಷಮಿಸಿದರೂ ಗಾಜು ಹಾಕಿಸಿಕೊಡುವ ಹೊಣೆ ತಪ್ಪದಂತೆ. ಆ ಹೊಣೆಯನ್ನೂ ಮನ್ನಾ ಮಾಡುವ ವಿಶೇಷ ಅನುಗ್ರಹ ಆ ಕಾಲದಲ್ಲಿ ಮುಖ್ಯವಾಗಿ ಜೆರುಸಲೇಮಿನ ಧರ್ಮಯುದ್ಧಕ್ಕೆ ಹೊರಟವರಿಗೆ ಸಿಗುತ್ತಿತ್ತು. ಅದನ್ನು ಈ ಪುಟ್ಟ ಗುಡಿಗೆ ಬಂದ ಯಾವ ಬಡವನಿಗಾದರೂ ಕೊಡಬೇಕೆಂದು 1216ರಲ್ಲಿ ಫ್ರಾನ್ಸಿಸರು ಪೋಪ್ ಮೂರನೆಯ ಹೊನೋರಿಯಸ್ ಅವರನ್ನು ಕೇಳಿ ಪಡೆದರೆಂಬುದು ಪರಂಪರೆ. ಜನ ಕಿಕ್ಕಿರಿದು ಬಂದರು. ಬಂದವರು ನಿಲ್ಲಲು ಜಾಗ ಸಾಲದೆ, 1569ರಿಂದ 1679ರವರೆಗೆ, ಅಂದರೆ ನೂರಹತ್ತು ವರ್ಷ, ವಾಸ್ತುಶಿಲ್ಪಿ ಗಲೆಯಾತ್ಸೊ ಅಲೆಸ್ಸಿ ಅವರ ವಿನ್ಯಾಸದಂತೆ ಸಾಂತಾ ಮರಿಯಾ ದೆಲ್ಯಿ ಆಂಜೆಲಿ ಎಂಬ ಭಾರಿ ಬೆಸಿಲಿಕಾ ಕಟ್ಟಿದರು. ಗೋಪುರದ ಅಡಿಯಲ್ಲಿ, ನೆಲದ ನಟ್ಟನಡುವೆ, ಆ ಹಳೆಯ ಪುಟ್ಟ ಗುಡಿ ಹಾಗೆಯೇ ನಿಂತಿದೆ. ಅಮೆರಿಕದ ಲಾಸ್ ಏಂಜಲೀಸ್ ನಗರದ ಹೆಸರಿನ ಬೇರೂ ಇಲ್ಲಿಯೇ ಇದೆ; ಸ್ಪ್ಯಾನಿಷ್ ಫ್ರಾನ್ಸಿಸ್ಕನ್ನರು ಅಲ್ಲಿನ ನದಿಗೆ ಇಟ್ಟದ್ದು ಪೊರ್ತ್ಸಿಯುಂಕೊಲಾದ ದೇವದೂತರ ರಾಣಿಯ, ಅಂದರೆ ಯೇಸುವಿನ ತಾಯಿ ಮರಿಯಳ, ಹೆಸರನ್ನು.

ಇನ್ನು ಊರಿನ ಇನ್ನೊಂದು ತುದಿಯ ಸಂತ ಫ್ರಾನ್ಸಿಸರ ಬೆಸಿಲಿಕಾ. 1228ರ ಜುಲೈ 16ರಂದು ಪೋಪ್ ಒಂಬತ್ತನೆಯ ಗ್ರೆಗರಿ ಅವರು ಫ್ರಾನ್ಸಿಸರಿಗೆ ಸಂತ ಪದವಿ ಘೋಷಿಸಿ, ಮರುದಿನವೇ ಇದಕ್ಕೆ ಅಡಿಗಲ್ಲು ಹಾಕಿದರು. ಕೆಲಸದ ಉಸ್ತುವಾರಿ ವಹಿಸಿದವರು ಸಹೋದರ ಎಲಿಯಾಸ್. ಗುಡ್ಡದ ಇಳಿಜಾರಿನಲ್ಲಿ ಒಂದರ ಮೇಲೊಂದು ಎರಡು ಚರ್ಚು: ಕೆಳಗಿನದು ತಗ್ಗು ಕಮಾನುಗಳ, ಮಬ್ಬುಗತ್ತಲೆಯ ಮಂದಿರ, ಮೇಲಿನದು ಎತ್ತರದ, ಬಣ್ಣದ ಗಾಜಿನಿಂದ ಬೆಳಕು ಸುರಿಯುವ ಸಭಾಂಗಣ. 1230ರಲ್ಲಿ ಸಂತರ ದೇಹವನ್ನು ಇಲ್ಲಿಗೆ ತಂದ ಎಲಿಯಾಸ್, ಅದನ್ನು ಯಾರಿಗೂ ಸಿಗದಂತೆ ಬಂಡೆಯ ಆಳದಲ್ಲಿ ಹುದುಗಿಸಿದರು. ಸಂತರ ಅಸ್ಥಿ ಇದ್ದ ಊರಿಗೆ ಯಾತ್ರಿಕರು ಬರುತ್ತಿದ್ದರು, ಯಾತ್ರಿಕರ ಜೊತೆಗೆ ಹಣ ಬರುತ್ತಿತ್ತು. ಪೆರೂಜಿಯಾದಂತಹ ನೆರೆಯವರು ಅಸ್ಥಿಯನ್ನೇ ಕದ್ದೊಯ್ಯಬಹುದೆಂಬ ಭಯ ಸುಳ್ಳಾಗಿರಲಿಲ್ಲ. ಎಷ್ಟು ಚೆನ್ನಾಗಿ ಬಚ್ಚಿಟ್ಟರೆಂದರೆ ಮುಂದೆ ಜಾಗವೇ ಮರೆತುಹೋಯಿತು. 1818ರಲ್ಲಿ, ಐವತ್ತೆರಡು ರಾತ್ರಿ ಗುಟ್ಟಾಗಿ ಅಗೆದ ಮೇಲೆ ಕಲ್ಲಿನ ಪೆಟ್ಟಿಗೆ ಸಿಕ್ಕಿತು. ಈಗ ಕೆಳಗಿನ ಚರ್ಚಿಗೂ ಕೆಳಗೆ ಸಮಾಧಿಮಂದಿರವಿದೆ. ಸುತ್ತಲೂ ನಾಲ್ಕು ಮೂಲೆಗಳಲ್ಲಿ ಅವರ ಸಂಗಡಿಗರಾದ ಲಿಯೊ, ರೂಫಿನೊ, ಮಸ್ಸೆಯೊ, ಆಂಜೆಲೊ ಮಲಗಿದ್ದಾರೆ.

ಅಕ್ಷರ ಬಾರದ ಜನರಿಗೆ ಕಥೆ ಹೇಳುವ ಸಾಧನವಾಗಿ ಎರಡೂ ಚರ್ಚುಗಳ ಗೋಡೆಯ ತುಂಬ ಚಿತ್ರಗಳಿವೆ. ಇವು ಹಸಿ ಗಾರೆಯ ಮೇಲೆ ಬಣ್ಣ ಹಚ್ಚಿದ ಭಿತ್ತಿಚಿತ್ರಗಳು. ಗಾರೆ ಒಣಗುವಾಗ ಬಣ್ಣ ಅದರೊಳಗೇ ಸೇರಿಕೊಳ್ಳುತ್ತದೆ. ಚಿಮಾಬೂಯೆ, ಸಿಮೊನೆ ಮಾರ್ತೀನಿ, ಪಿಯೆತ್ರೊ ಲೊರೆನ್ಸೆತ್ತಿ ಇಲ್ಲಿ ಕೆಲಸ ಮಾಡಿದರು. ಮೇಲಿನ ಚರ್ಚಿನಲ್ಲಿ ಫ್ರಾನ್ಸಿಸರ ಜೀವನವನ್ನು ಹೇಳುವ 28 ದೃಶ್ಯಗಳನ್ನು ಜೊತ್ತೊ ಬರೆದನೆಂದು ಪರಂಪರೆ ಹೇಳುತ್ತದೆ. ಅಷ್ಟೂ ಅವನದೇ ಕೈಯೇ ಎಂಬ ಬಗ್ಗೆ ಕಲಾ ಇತಿಹಾಸಕಾರರಲ್ಲಿ ಚರ್ಚೆ ಇಂದಿಗೂ ಮುಗಿದಿಲ್ಲ. 1997ರ ಸೆಪ್ಟೆಂಬರ್ 26ರ ಭೂಕಂಪದಲ್ಲಿ ಮೇಲಿನ ಚರ್ಚಿನ ಚಾವಣಿಯ ಭಾಗಗಳು ಕುಸಿದು, ಹಾನಿ ಪರಿಶೀಲಿಸುತ್ತಿದ್ದ ನಾಲ್ವರು ಸತ್ತರು. ನೆಲಕ್ಕೆ ಬಿದ್ದ ಸಾವಿರಾರು ಚೂರುಗಳನ್ನು ಆಯ್ದು, ವಿಂಗಡಿಸಿ, ಹೊಂದಿಸಿ ಚಿತ್ರಗಳನ್ನು ಮರಳಿ ಕೂಡಿಸುವ ಕೆಲಸ ನಡೆಯಿತು. 1999ರ ನವೆಂಬರಿನಲ್ಲಿ ಚರ್ಚು ಮತ್ತೆ ತೆರೆಯಿತು. 2000ದಲ್ಲಿ ಯುನೆಸ್ಕೊ ಅಸ್ಸಿಸಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಷ್ಟೆಲ್ಲ ನೋಡಿ ದಣಿದವರು ಊರಿನಿಂದ ಸುಮಾರು 4 ಕಿಲೋಮೀಟರ್ ಮೇಲೇರಿ ಎರೆಮೊ ದೆಲ್ಲೆ ಕಾರ್ಚೆರಿಗೆ ಹೋಗಬೇಕು. ಓಕ್ ಮರಗಳ ಕಾಡಿನ ಕಮರಿಗೆ ಅಂಟಿಕೊಂಡಿರುವ ಈ ಆಶ್ರಮದಲ್ಲಿ ಒಬ್ಬರು ಬಗ್ಗಿ, ಮೈ ಕುಗ್ಗಿಸಿ ಮಾತ್ರ ದಾಟಬಹುದಾದ ಬಾಗಿಲುಗಳಿವೆ. ಅವುಗಳ ಕೊನೆಗೆ ಫ್ರಾನ್ಸಿಸರ ಕಲ್ಲಿನ ಹಾಸಿಗೆ.

ಕಂದು ಅಂಗಿ, ಕಪ್ಪು ಅಂಗಿ

ಅಸ್ಸಿಸಿಯಲ್ಲಿ ಒಂದು ದಿನ ಕಳೆದವರಿಗೆ ಸಂದೇಹ ಬರುತ್ತದೆ: ಬೆಸಿಲಿಕಾದಲ್ಲಿ ಓಡಾಡುವ ಸನ್ಯಾಸಿಗಳ ಅಂಗಿ ಬೂದು ಅಥವಾ ಕಪ್ಪು, ಪೊರ್ತ್ಸಿಯುಂಕೊಲಾದವರದು ಕಂದು, ಇದೇಕೆ? ಬಡತನವನ್ನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸಬೇಕೆಂಬ ವಾದ ಬೆಳೆದು ಫ್ರಾನ್ಸಿಸರ ಸಂಘ ಕಾಲಕ್ರಮದಲ್ಲಿ ಕವಲೊಡೆಯಿತು. ಊರುಗಳ ದೊಡ್ಡ ಮಠಗಳಲ್ಲಿ ನೆಲೆಸಿದವರು ಕಾನ್ವೆಂಚುವಲ್ ಶಾಖೆ. ಹಳೆಯ ಕಟ್ಟುಪಾಡಿಗೆ ಮರಳಬೇಕೆಂದವರು ಇನ್ನೊಂದು ಶಾಖೆಯಾಗಿ 1517ರಲ್ಲಿ ಅಧಿಕೃತವಾಗಿ ಬೇರೆಯಾದರು. ಅವರಲ್ಲೂ ಇನ್ನಷ್ಟು ಕಠಿಣ ಜೀವನ ಬಯಸಿದವರು 1528ರಲ್ಲಿ ಕಪುಚಿನ್ ಶಾಖೆಯಾದರು. ಉದ್ದ ಕುಲಾವಿಯಿಂದ ಕಪುಚಿನ್ನರಿಗೆ ಆ ಹೆಸರು ಬಂತು, ಅವರ ಅಂಗಿಯ ಬಣ್ಣದಿಂದ ಕ್ಯಾಪುಚಿನೊ ಕಾಫಿಗೆ ಹೆಸರು ಬಂತು. ಇಂದು ಬೆಸಿಲಿಕಾ ಮೊದಲನೆಯವರ ಸುಪರ್ದಿಯಲ್ಲಿದೆ. ಲಾ ವೆರ್ನಾ, ಪೊರ್ತ್ಸಿಯುಂಕೊಲಾ ಎರಡನೆಯವರದು. ಮೊಂತೆಕಸಾಲೆ ಕಪುಚಿನ್ನರ ಪರಂಪರೆಯದು.

ಕರ್ನಾಟಕಕ್ಕೂ ಈ ಸಂಘದ ಗುರುತು ಹೊಸತಲ್ಲ. ಮಂಗಳೂರಿನ ಬಳಿಯ ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ ಕಪುಚಿನ್ನರ ಆಶ್ರಮವಿದೆ. ಮೈಸೂರು ಸೀಮೆಯ ಡೋರ್ನಹಳ್ಳಿಯಲ್ಲಿ ಜಾತಿಮತದ ಭೇದವಿಲ್ಲದೆ ಜನ ಹರಕೆ ಹೊರುವ ಸಂತ ಅಂತೋಣಿಯವರು ಫ್ರಾನ್ಸಿಸರ ಸಮಕಾಲೀನರು, ಅವರದೇ ಸಂಘದ ಸಹೋದರರು.

ಸ್ಪೊಲೇತೊ: ಒಂದು ಪತ್ರ, ಒಂದು ದೇವರಕಾಡು

ಅಸ್ಸಿಸಿಯಿಂದ ದಕ್ಷಿಣಕ್ಕೆ ಹೊರಟ ಹಾದಿ ಸ್ಪೆಲ್ಲೊ, ಫೊಲಿಞೊ, ತ್ರೇವಿಗಳನ್ನು ದಾಟುತ್ತದೆ. ಫೊಲಿಞೊ ಪೇಟೆಯಲ್ಲಿಯೇ ಯುವಕ ಫ್ರಾನ್ಸಿಸ್ ತಂದೆಯ ಅಂಗಡಿಯ ಬಟ್ಟೆಯನ್ನೂ ಏರಿಬಂದ ಕುದುರೆಯನ್ನೂ ಮಾರಿ ಸಾನ್ ದಮಿಯಾನೊ ದುರಸ್ತಿಗೆ ಹಣ ಹೊಂದಿಸಿದ್ದು. ತಂದೆ–ಮಗನ ಜಗಳಕ್ಕೆ ಕಿಡಿ ಹೊತ್ತಿದ್ದೂ ಅದರಿಂದಲೇ. ಸ್ಪೊಲೇತೊದ ಕಥೆ ಅದಕ್ಕೂ ಹಿಂದಿನದು: ಯೋಧನಾಗಲು ದಕ್ಷಿಣದ ಯುದ್ಧಕ್ಕೆ ಹೊರಟಿದ್ದವರು ಇಲ್ಲಿ ತಂಗಿದ್ದ ರಾತ್ರಿ ಕಂಡ ಕನಸಿನಿಂದ ಹಿಂತಿರುಗಿದರು. ಸ್ಪೊಲೇತೊದ ಪ್ರಧಾನ ಚರ್ಚಿನಲ್ಲಿ ಫ್ರಾನ್ಸಿಸರು ಸಹೋದರ ಲಿಯೊಗೆ ಬರೆದ ಪುಟ್ಟ ಪತ್ರವಿದೆ. ಅಸ್ಸಿಸಿಯ ಹಾಳೆಯ ಜೊತೆಗೆ ಅವರ ಕೈಬರಹವಾಗಿ ಉಳಿದಿರುವುದು ಇದು. ತಾಯಿ ಮಗನಿಗೆ ಹೇಳುವಂತೆ ಹೇಳುತ್ತೇನೆ ಎಂಬ ಧಾಟಿಯ, ತೊಡಕು ಲ್ಯಾಟಿನ್ನಿನ ಕೆಲವು ಸಾಲುಗಳು.

ಊರ ಮೇಲಿನ ಮೊಂತೆಲೂಕೊ ಬೆಟ್ಟದ ಕಾಡಿನಲ್ಲಿ ಸಹೋದರರ ಪುಟ್ಟ ಆಶ್ರಮವಿದೆ. ಹೆಸರಿನಲ್ಲಿರುವ ‘ಲೂಕೊ’ ಪದದ ಮೂಲ ಲ್ಯಾಟಿನ್ನಿನ ‘ಲೂಕುಸ್’, ಎಂದರೆ ದೇವರಕಾಡು. ಇಲ್ಲಿನ ಮರ ಕಡಿದವರು ಪ್ರಾಯಶ್ಚಿತ್ತವಾಗಿ ಜ್ಯೂಪಿಟರ್ ದೇವರಿಗೆ ಎತ್ತನ್ನು ಬಲಿ ಕೊಡಬೇಕು, ದಂಡವನ್ನೂ ತೆರಬೇಕು ಎಂದು ಸಾರುವ ಕ್ರಿಸ್ತಪೂರ್ವ ಕಾಲದ ಶಾಸನಗಳು ಸ್ಪೊಲೇತೊ ಸೀಮೆಯಲ್ಲಿ ಸಿಕ್ಕಿವೆ. ಕೊಡಗಿನ ದೇವರಕಾಡಿನ ಕಟ್ಟಳೆ ಬಲ್ಲವರಿಗೆ ಇದು ಪರಿಚಿತ ಕ್ರಮವೇ. ದೇವರು ಬದಲಾದರೂ ಬೆಟ್ಟದ ಓಕ್ ಮರಗಳಿಗೆ ಕೊಡಲಿ ತಾಗದೆ ಉಳಿದದ್ದು ಈ ಹಾದಿಯ ಸೋಜಿಗಗಳಲ್ಲಿ ಒಂದು.

ರಿಯೇತಿ ಕಣಿವೆ: ಗೋದಲಿ ಹುಟ್ಟಿದ ಗುಹೆ

ರಿಯೇತಿ ಪಟ್ಟಣದ ಸುತ್ತಲಿನ ಬಟ್ಟಲಿನಂತಹ ಕಣಿವೆಯಲ್ಲಿ ನಾಲ್ಕು ಕ್ಷೇತ್ರಗಳಿವೆ. ಪೊಜ್ಜೊ ಬುಸ್ತೊನೆಗೆ ಫ್ರಾನ್ಸಿಸರು 1209ರ ಸುಮಾರಿಗೆ ಬಂದಾಗ ಊರಿನವರಿಗೆ ‘ಶುಭದಿನ, ಒಳ್ಳೆಯ ಜನರೇ’ ಎಂದು ನಮಸ್ಕರಿಸಿದರೆಂದು ಊರವರು ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಲಾ ಫೊರೆಸ್ತಾದಲ್ಲಿ ಸಂತರನ್ನು ನೋಡಲು ಬಂದ ಗುಂಪು ಬಡ ಪಾದ್ರಿಯ ದ್ರಾಕ್ಷಿತೋಟವನ್ನು ಕಿತ್ತು ತಿಂದುಹಾಕಿತಂತೆ. ಆದರೂ ಆ ವರ್ಷ ಎಂದಿಗಿಂತ ಹೆಚ್ಚು ದ್ರಾಕ್ಷಾರಸ ಬಂತೆಂಬುದು ಐತಿಹ್ಯ.

ಫೊಂತೆ ಕೊಲಂಬೊ ಈ ನಾಲ್ಕರಲ್ಲಿ ಗಂಭೀರವಾದುದು. ಸಂಘ ಬೆಳೆದಂತೆ ಅದಕ್ಕೊಂದು ಲಿಖಿತ ನಿಯಮಾವಳಿ ಬೇಕಾಯಿತು. ಒಂದು ದೇಶಕ್ಕೆ ಸಂವಿಧಾನ ಇದ್ದಂತೆ. ಮೊದಲು ಬರೆದದ್ದು ಉದ್ದವಾಗಿ, ಉಪದೇಶಮಯವಾಗಿ ಇತ್ತೇ ಹೊರತು ಕಾನೂನಿನ ರೂಪದಲ್ಲಿ ಇರಲಿಲ್ಲ. 1223ರಲ್ಲಿ ಫ್ರಾನ್ಸಿಸರು ಇಲ್ಲಿನ ಬಂಡೆಯ ಬಿರುಕಿನಲ್ಲಿ ಕುಳಿತು ಹನ್ನೆರಡು ಅಧ್ಯಾಯಗಳ ಅಡಕವಾದ ರೂಪ ಕೊಟ್ಟರು. ಅದೇ ವರ್ಷ ನವೆಂಬರ್ 29ರಂದು ಪೋಪರು ಅಂಗೀಕರಿಸಿದ ಆ ನಿಯಮಾವಳಿಯನ್ನೇ ಮೂರೂ ಶಾಖೆಗಳವರು ಇಂದಿಗೂ ಪಾಲಿಸುತ್ತಾರೆ. ಕಣ್ಣಿನ ಚಿಕಿತ್ಸೆಗೆಂದು ವೈದ್ಯರು ಕಾದ ಕಬ್ಬಿಣದಿಂದ ಅವರಿಗೆ ಬರೆ ಹಾಕಿದ್ದೂ ಇಲ್ಲಿಯೇ. ‘ಸಹೋದರ ಬೆಂಕಿಯೇ, ಸ್ವಲ್ಪ ಮೃದುವಾಗಿರು’ ಎಂದು ಅವರು ಬೇಡಿಕೊಂಡರಂತೆ. ಚಿಕಿತ್ಸೆಯಿಂದ ಪ್ರಯೋಜನವಾಗಲಿಲ್ಲ.

1223ರ ಕ್ರಿಸ್ಮಸ್ ಹೊತ್ತಿಗೆ ಫ್ರಾನ್ಸಿಸರು ಗ್ರೆಚ್ಚೊಗೆ ಬಂದರು. ಬೆತ್ಲೆಹೇಮಿನ ಕೂಸು ಅನುಭವಿಸಿದ ಬಡತನವನ್ನು ಕಣ್ಣಾರೆ ನೋಡಬೇಕು ಎಂದು ಹದಿನೈದು ದಿನ ಮುಂಚೆಯೇ ಊರಿನ ಗೆಳೆಯ ಜೊವಾನ್ನಿಗೆ ಹೇಳಿ, ಗುಹೆಯಲ್ಲಿ ಹುಲ್ಲು ತುಂಬಿದ ಗೋದಲಿ, ಒಂದು ಎತ್ತು, ಒಂದು ಕತ್ತೆ ಇವುಗಳನ್ನು ಸಿದ್ಧಮಾಡಿಸಿದರು. ಬೊಂಬೆಗಳಿರಲಿಲ್ಲ, ಮರಿಯಳ ವೇಷವನ್ನೂ ಯಾರೂ ಹಾಕಿರಲಿಲ್ಲ. ಗೋದಲಿಯ ಮೇಲೆಯೇ ಬಲಿಪೂಜೆ, ಅಂದರೆ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಅರ್ಪಿಸುವ ಕ್ರೈಸ್ತರ ಪೂಜೆ, ನಡೆಯಿತು. ಫ್ರಾನ್ಸಿಸರು ಗುರುಪಟ್ಟ ಪಡೆದವರಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಸೇವಾಪದವಿಯವರು. ಹಾಗಾಗಿ ಪೂಜೆ ಬೇರೊಬ್ಬ ಗುರು ಮಾಡಿದರು, ಬೈಬಲಿನ ಶುಭಸಂದೇಶವನ್ನು ಇವರು ಹಾಡಿದರು. ಪಂಜು ಹಿಡಿದು ಬೆಟ್ಟ ಹತ್ತಿ ಬಂದ ಹಳ್ಳಿಯವರು ಅದನ್ನು ಮರೆಯಲಿಲ್ಲ. ಡಿಸೆಂಬರಿನಲ್ಲಿ ಮಂಗಳೂರಿನಿಂದ ಬೆಂಗಳೂರಿನವರೆಗೆ ಕ್ರೈಸ್ತರ ಮನೆಯಂಗಳದಲ್ಲಿ ಹುಲ್ಲು, ಬೊಂಬೆ, ನಕ್ಷತ್ರ ಜೋಡಿಸಿ ಕಟ್ಟುವ ಗೋದಲಿಯ ಸಂಪ್ರದಾಯವನ್ನು ಜನಪ್ರಿಯಗೊಳಿಸಿದ ರಾತ್ರಿ ಅದು. ಬಂಡೆಗೆ ಒತ್ತಿಕೊಂಡಂತೆ ಕಟ್ಟಿದ ಮಠದೊಳಗೆ ಆ ಗುಹೆ ಪುಟ್ಟ ಪ್ರಾರ್ಥನಾ ಮಂದಿರವಾಗಿದೆ.

ನಡೆಯುವವರಿಗೆ

ಯಾತ್ರಿಕರು ಹೊರಡುವ ಮುನ್ನ ‘ಕ್ರೆದೆನ್ಸಿಯಾಲೆ’ ಎಂಬ ಗುರುತಿನ ಪುಸ್ತಿಕೆ ಪಡೆಯುತ್ತಾರೆ. ತಂಗಿದ ಊರುಗಳಲ್ಲಿ ಅದಕ್ಕೆ ಮೊಹರು ಬೀಳುತ್ತದೆ. ಕಾಲ್ನಡಿಗೆಯಲ್ಲಿ ಕನಿಷ್ಠ 100 ಕಿಲೋಮೀಟರ್ ಕ್ರಮಿಸಿ ಅಸ್ಸಿಸಿಗೆ ಬಂದವರಿಗೆ ಯಾತ್ರೆಯ ಪ್ರಮಾಣಪತ್ರ ಕೊಡುತ್ತಾರೆ. ದಾರಿಯುದ್ದಕ್ಕೂ ಕಾಣುವ ಇಂಗ್ಲಿಷಿನ ‘ಟಿ’ ಆಕಾರದ ಗುರುತಿನ ಹೆಸರು ‘ತೌ’. ಹಳೆಯ ಹೀಬ್ರೂ ಅಕ್ಷರಮಾಲೆಯ ಕೊನೆಯ ಅಕ್ಷರವಾದ ಇದನ್ನು ಫ್ರಾನ್ಸಿಸರು ತಮ್ಮ ಸಹಿಯಂತೆ ಬಳಸುತ್ತಿದ್ದರು. ಲಿಯೊಗೆ ಕೊಟ್ಟ ಹಾಳೆಯ ಮೇಲೂ ಅದಿದೆ. ಹಾದಿ ಅಪೆನ್ನೈನ್ ಬೆಟ್ಟಸಾಲಿನ ಏರಿಳಿತದಲ್ಲಿ ಸಾಗುವುದರಿಂದ ನಡಿಗೆ ಸುಲಭವೇನಲ್ಲ. ಚಳಿಗಾಲದಲ್ಲಿ ಲಾ ವೆರ್ನಾದ ಕಡೆ ಹಿಮ ಬೀಳುತ್ತದೆ, ಜುಲೈ–ಆಗಸ್ಟಿನಲ್ಲಿ ಉಂಬ್ರಿಯಾದ ಬಿಸಿಲು ಸುಡುತ್ತದೆ. ವಸಂತ ಮತ್ತು ಸೆಪ್ಟೆಂಬರ್ ಹದವಾದ ಕಾಲ.

ರೋಮ್: ಕಲ್ಲಿನ ದಿಂಬು

ಹಾದಿ ಕೊನೆಗೊಳ್ಳುವುದು ಸಂತ ಪೇತ್ರರ ಬೆಸಿಲಿಕಾದಲ್ಲಿ. ಆದರೆ ಫ್ರಾನ್ಸಿಸರ ಕಾಲದಲ್ಲಿ ಪೋಪರು ಇರುತ್ತಿದ್ದುದು ನಗರದ ಇನ್ನೊಂದು ಕಡೆಯ ಲಾತೆರಾನ್ ಅರಮನೆಯಲ್ಲಿ. 1209ರಲ್ಲಿ ಹರಕು ಬಟ್ಟೆಯ ಕೆಲವೇ ಸಂಗಡಿಗರೊಂದಿಗೆ ಅವರು ಅಲ್ಲಿಗೆ ಹೋಗಿ, ಪೋಪ್ ಮೂರನೆಯ ಇನ್ನೊಸೆಂಟ್ ಅವರಿಂದ ತಮ್ಮ ಜೀವನಕ್ರಮಕ್ಕೆ ಬಾಯಿಮಾತಿನ ಒಪ್ಪಿಗೆ ಪಡೆದರು. ಬೀಳುತ್ತಿದ್ದ ಲಾತೆರಾನ್ ಚರ್ಚಿಗೆ ಒಬ್ಬ ಬಡವ ಹೆಗಲು ಕೊಟ್ಟು ನಿಂತಂತೆ ಪೋಪರಿಗೆ ಕನಸು ಬಿದ್ದಿತ್ತು ಎಂಬ ಕಥೆ ಅಸ್ಸಿಸಿಯ ಭಿತ್ತಿಚಿತ್ರಗಳಲ್ಲೂ ಇದೆ.

ರೋಮಿಗೆ ಬಂದಾಗ ಫ್ರಾನ್ಸಿಸರು ತಂಗುತ್ತಿದ್ದುದು ಟೈಬರ್ ನದಿಯ ದಡದ ತ್ರಸ್ತೇವೆರೆ ಬಡಾವಣೆಯ ಧರ್ಮಶಾಲೆಯಲ್ಲಿ. ಈಗ ಅಲ್ಲಿ ಸಾನ್ ಫ್ರಾಂಚೆಸ್ಕೊ ಆ ರೀಪಾ ಚರ್ಚು ಇದೆ. ಒಳಗೊಂದು ಕಿರುಕೋಣೆ, ಅವರು ತಲೆಗಿಟ್ಟುಕೊಳ್ಳುತ್ತಿದ್ದರೆನ್ನಲಾದ ಕಲ್ಲು ಅಲ್ಲಿದೆ. ಈ ನಗರದಲ್ಲಿ ಅವರಿಗೆ ಆಸರೆಯಾದವರು ಜಾಕೊಪಾ ದೆಯಿ ಸೆತ್ತೆಸೊಲಿ ಎಂಬ ಶ್ರೀಮಂತ ವಿಧವೆ. ಆಕೆ ಬಾದಾಮಿ ಮತ್ತು ಜೇನು ಸೇರಿಸಿ ಮಾಡಿಕೊಡುತ್ತಿದ್ದ ಸಿಹಿ ಫ್ರಾನ್ಸಿಸರಿಗೆ ಇಷ್ಟ. ಪೊರ್ತ್ಸಿಯುಂಕೊಲಾದಲ್ಲಿ ಸಾವು ಹತ್ತಿರವಾದಾಗ, ಹೊದಿಸಲು ಬಟ್ಟೆ, ಮೇಣದ ಬತ್ತಿ, ಜೊತೆಗೆ ಆ ಸಿಹಿಯನ್ನೂ ತರುವಂತೆ ಆಕೆಗೆ ಪತ್ರ ಬರೆಸಿದರು. ಪತ್ರ ಹೊರಡುವ ಮೊದಲೇ ಆಕೆ ಅವೆಲ್ಲವನ್ನೂ ಹೊತ್ತು ಬಾಗಿಲಲ್ಲಿ ನಿಂತಿದ್ದರು ಎನ್ನುತ್ತವೆ ಹಳೆಯ ಕಥನಗಳು. ಹೆಂಗಸರಿಗೆ ಒಳಗೆ ಪ್ರವೇಶವಿರಲಿಲ್ಲ. ‘ಸಹೋದರ ಜಾಕೊಪಾಗೆ ಈ ನಿಯಮವಿಲ್ಲ, ಒಳಗೆ ಬರಲಿ’ ಎಂದರಂತೆ ಫ್ರಾನ್ಸಿಸರು. ಅಸ್ಸಿಸಿಯ ಸಮಾಧಿಮಂದಿರಕ್ಕೆ ಮೆಟ್ಟಿಲಿಳಿದು ಹೋಗುವವರಿಗೆ, ಸಂತರ ಕಲ್ಲಿನ ಪೆಟ್ಟಿಗೆಗೆ ಎದುರಾಗಿ, ಬಾಗಿಲ ಬಳಿ ಒಂದು ಪುಟ್ಟ ಗೂಡು ಕಾಣುತ್ತದೆ. ಅಲ್ಲಿರುವುದು ಆಕೆಯ ಅವಶೇಷ.